ಒಲ್ಲದ ರಾಕ್ ಗಾಯಕರ ಪೋರ್ಟ್ರೇಟ್: ಇಪ್ಪತ್ತು ನಿಮಿಷದೊಳಗೆ ಮುಗಿಸುವ ಬಗೆ

ಸಾವಿರಾರು ಜನರೆದುರು ಗಂಟಲು ಹರಿಯುವಂತೆ ಹಾಡುವವರು ಒಂದೇ ಒಂದು ಲೆನ್ಸ್ ಎದುರು ಮುದುಡಿ ಕೂರುವುದು ರಾಕ್ ಲೋಕದಲ್ಲಿ ತೀರಾ ಸಾಮಾನ್ಯ. ವೇದಿಕೆಯ ಮೇಲೆ ಅವರ ಎದೆಗೆ ಅಡ್ಡವಾಗಿ ಗಿಟಾರ್ ಇರುತ್ತದೆ. ಕಣ್ಣಿಗೆ ಹೊಡೆಯುವ ಲೈಟಿನಿಂದಾಗಿ ಮುಂದಿನ ಎರಡು ಸಾಲು ಬಿಟ್ಟರೆ ಯಾರ ಮುಖವೂ ಕಾಣುವುದಿಲ್ಲ. ಪಕ್ಕದಲ್ಲಿ ಬ್ಯಾಂಡಿನವರು, ಕೈಗೆ ಕೆಲಸ. ಪೋರ್ಟ್ರೇಟ್‌ನಲ್ಲಿ ಇದೆಲ್ಲ ಕಳಚಿಹೋಗಿ, ಐದಡಿ ದೂರದಲ್ಲಿ ನಿಂತ ಅಪರಿಚಿತರೊಬ್ಬರು ಅವರ ಮುಖವನ್ನೇ ದಿಟ್ಟಿಸುತ್ತಾರೆ, ಅದರ ಮೇಲೆ ‘ಸಹಜವಾಗಿರಿ’ ಅನ್ನುತ್ತಾರೆ. ಯಾರಿಗಾದರೂ ಇರಿಸುಮುರಿಸು ಆಗದೆ ಇರುತ್ತದೆಯೇ?

ಇಂಥವರ ಚಿತ್ರ ಕೆಡುವುದು ಹೆಚ್ಚಾಗಿ ಅವರ ಮನಸ್ಸು ಒಲಿಸಲು ಹೋದಾಗ. ಹರಟೆ ಹೊಡೆದು, ತಮಾಷೆ ಮಾಡಿ, ನಗಿಸಿ ಹತ್ತು ನಿಮಿಷ ಕಳೆದ ಮೇಲೆ ಲೈಟ್ ಸರಿಪಡಿಸಲು ಹೊರಟರೆ ಅಷ್ಟರಲ್ಲಿ ಅವರ ತಾಳ್ಮೆ ಮುಗಿದಿರುತ್ತದೆ. ಅವರಿಂದ ಕೇಳುವುದನ್ನು ಆದಷ್ಟು ಕಡಿಮೆ ಮಾಡಿ, ನಿಮ್ಮ ಪಾಲಿನ ಕೆಲಸವನ್ನೆಲ್ಲ ಅವರು ಬಾಗಿಲು ದಾಟುವ ಮುಂಚೆಯೇ ಮುಗಿಸಿಡಿ. ಅವರು ಏನು ಕೊಡಲು ಸಿದ್ಧರಿದ್ದಾರೋ ಅದರಲ್ಲೇ ಚಿತ್ರ ಹುಡುಕಿ. ಈ ಬರಹದ ಎಲ್ಲ ಅಳತೆ, ಅಂಕಿ, ಸೂಚನೆಗಳ ಹಿಂದೆ ಇರುವುದು ಇಷ್ಟೇ.

ಬೇಡ ಅನ್ನುವುದು ಯಾಕೆ ಎಂದು ಮೊದಲು ತಿಳಿಯಿರಿ

ಬೇಡ ಅನ್ನುವವರೆಲ್ಲ ಒಂದೇ ಕಾರಣಕ್ಕೆ ಬೇಡ ಅನ್ನುವುದಿಲ್ಲ. ಕೆಲವರಿಗೆ ತಮ್ಮ ಮುಖ ಹಿಡಿಸದು: ಹಲ್ಲು, ಮೂಗು, ತೆಳ್ಳಗಾಗುತ್ತಿರುವ ಕೂದಲು, ಯಾವುದೋ ಹಳೆಯ ಕೆಟ್ಟ ಫೋಟೊ. ಕೆಲವರಿಗೆ ಪ್ರಚಾರವೇ ಬೇಡ, ಹಾಡು ಮಾತಾಡಲಿ ಎಂಬ ನಿಲುವು. ಇನ್ನು ಕೆಲವರು ಪ್ರಯಾಣದಿಂದ ಬಳಲಿರುತ್ತಾರೆ, ನಿದ್ದೆ ಇರುವುದಿಲ್ಲ, ಮ್ಯಾನೇಜರ್ ತಳ್ಳಿದ್ದಕ್ಕೆ ಬಂದಿರುತ್ತಾರೆ. ಮೊದಲಿನವರಿಗೆ ಕೋನ ಮತ್ತು ಬೆಳಕು ಪರಿಹಾರ. ಎರಡನೆಯವರಿಗೆ ಮುಖಕ್ಕಿಂತ ಕೆಲಸದ ಚಿತ್ರ ಒಪ್ಪಿಗೆಯಾಗುತ್ತದೆ: ಹಾಡು ಬರೆದ ನೋಟ್‌ಬುಕ್, ತಂತಿ ಬದಲಾಯಿಸುವ ಕೈ. ಮೂರನೆಯವರಿಗೆ ಬೇಕಿರುವುದು ಕುರ್ಚಿ, ನೀರು, ಬೇಗ ಮುಗಿಯುತ್ತದೆ ಎಂಬ ಭರವಸೆ.

ಇದನ್ನು ಫೋನಿನಲ್ಲೇ ಕೇಳಿ ತಿಳಿಯಬಹುದು, ಆದರೆ ಮ್ಯಾನೇಜರ್ ಬಳಿ ಮಾತ್ರ ಕೇಳಿದರೆ ಸಾಲದು. ಗಾಯಕರ ಜೊತೆಗೇ ಎರಡು ನಿಮಿಷ ಮಾತಾಡಿ ಮೂರು ಪ್ರಶ್ನೆ ಕೇಳಿ. ನಿಮ್ಮ ಹಳೆಯ ಫೋಟೊಗಳಲ್ಲಿ ನಿಮಗೆ ಸರಿ ಅನಿಸಿದ್ದು ಯಾವುದು? ಯಾವುದು ಸುತರಾಂ ಬೇಡ? ಫ್ಲಾಶ್ ಬೆಳಕಿನಿಂದ ತಲೆನೋವು, ಮೂರ್ಛೆಯಂಥ ತೊಂದರೆ ಇದೆಯೇ? ಮೂರನೆಯದನ್ನು ಕೇಳಲು ಸಂಕೋಚ ಬೇಡ. ಮಿಂಚುವ ಬೆಳಕಿನಿಂದ ಮೂರ್ಛೆ ಬರುವವರಿದ್ದಾರೆ, ಅಂಥವರಿಗೆ ಫ್ಲಾಶ್ ಬಿಟ್ಟು ಬೇರೆ ಏರ್ಪಾಡು ಬೇಕು. ಅವರ ಹಾಡುಗಳನ್ನು, ಮುಖ್ಯವಾಗಿ ಇತ್ತೀಚಿನ ಆಲ್ಬಂ ಅನ್ನು, ಪೂರ್ತಿ ಕೇಳಿಕೊಂಡು ಹೋಗಿ. ಹಾಡು ಕೇಳದೆ ಬಂದವರನ್ನು ಸಂಗೀತಗಾರರು ಒಂದೇ ಮಾತಿನಲ್ಲಿ ಪತ್ತೆಹಚ್ಚುತ್ತಾರೆ.

ಚಿತ್ರ ಎಲ್ಲಿ ಬಳಕೆಯಾಗುತ್ತದೆ ಎಂಬುದೂ ಆಗಲೇ ಇತ್ಯರ್ಥವಾಗಬೇಕು. ಆಲ್ಬಂ ಮುಖಪುಟಕ್ಕಾದರೆ ಚೌಕ. ಸ್ಟ್ರೀಮಿಂಗ್ ತಾಣಗಳಿಗೆ 3000×3000 ಪಿಕ್ಸೆಲ್ ಕೊಡುವುದು ರೂಢಿ. ಪೋಸ್ಟರ್‌ಗಾದರೆ ತಲೆಯ ಮೇಲೆ ಅಥವಾ ಪಕ್ಕದಲ್ಲಿ ಅಕ್ಷರಕ್ಕೆ ಜಾಗ ಬಿಟ್ಟೇ ತೆಗೆಯಬೇಕು. ಕನ್ನಡ ಅಕ್ಷರಕ್ಕೆ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಹಾಗಾಗಿ ರೋಮನ್ ಅಕ್ಷರದ ಹೆಸರಿಗಿಂತ ಹೆಚ್ಚು ಎತ್ತರ ಬೇಕಾಗುತ್ತದೆ. ತಲೆ ಚೌಕಟ್ಟಿಗೆ ತಾಗುವಂತೆ ತೆಗೆದ ಚಿತ್ರದಲ್ಲಿ ಈ ಜಾಗವನ್ನು ಆಮೇಲೆ ಹುಟ್ಟಿಸಲು ಆಗುವುದಿಲ್ಲ.

ಜಾಗ ಮತ್ತು ಬೆಳಕು

ಒಲ್ಲದವರನ್ನು ಸ್ಟುಡಿಯೋಗೆ ಕರೆಸಬೇಡಿ. ಅದು ನಿಮ್ಮ ಮನೆ, ಅವರು ಅಲ್ಲಿ ಅತಿಥಿ. ಅವರ ಜ್ಯಾಮ್ ರೂಮ್ (ಬ್ಯಾಂಡ್ ಅಭ್ಯಾಸದ ಕೋಣೆ), ರೆಕಾರ್ಡಿಂಗ್ ನಡೆಯುವ ಜಾಗ, ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್ ಮುಗಿದ ಖಾಲಿ ಸಭಾಂಗಣ, ಇಲ್ಲವೇ ಅವರ ಮನೆಯ ಮಹಡಿ, ಇವುಗಳಲ್ಲಿ ಒಂದನ್ನು ಆರಿಸಿ. ಕಾರ್ಯಕ್ರಮದ ದಿನವಾದರೆ ಸೌಂಡ್‌ಚೆಕ್ ನಂತರದ ಸಮಯವೇ ಒಳ್ಳೆಯದು. ಗಂಟಲು ಬೆಚ್ಚಗಿರುತ್ತದೆ, ಸಂಜೆಯ ಆತಂಕ ಇನ್ನೂ ಶುರುವಾಗಿರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ತೆಗೆಯುವ ಚಿತ್ರದಲ್ಲಿ ಬೆವರು, ಕೆದರಿದ ಕೂದಲು, ಸುಸ್ತು ಎಲ್ಲ ಸೇರಿ ಬೇರೆಯದೇ ತೂಕ ಬರುತ್ತದೆ. ಆದರೆ ಆಗ ನಿಮಗೆ ಸಿಗುವುದು ಐದು ನಿಮಿಷ, ಸುತ್ತ ಇಪ್ಪತ್ತು ಜನ.

ಕಿಟಕಿ ಇದ್ದರೆ ಕಿಟಕಿ ಸಾಕು. ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಂ ‘ಹಾರ್ಸಸ್’ 1975ರಲ್ಲಿ ಬಂದಾಗ ಅದರ ಮುಖಪುಟದ ಚಿತ್ರ ತೆಗೆದವರು ರಾಬರ್ಟ್ ಮೇಪಲ್‌ಥಾರ್ಪ್. ಬಿಳಿ ಗೋಡೆ, ಬಿಳಿ ಅಂಗಿ, ಹೆಗಲ ಮೇಲೆ ಎಸೆದುಕೊಂಡ ಕೋಟು, ಸಹಜ ಬೆಳಕು. ಬಳಸಿದ್ದು ಅಷ್ಟೇ, ಅದಕ್ಕಿಂತ ಹೆಚ್ಚಿನದರ ಅಗತ್ಯ ಬಹುಪಾಲು ಪೋರ್ಟ್ರೇಟ್‌ಗಳಿಗೆ ಇರುವುದಿಲ್ಲ.

ಆದರೆ ಉತ್ತರದ ಕಿಟಕಿಯ ಬೆಳಕು ಸದಾ ಮೃದು ಎಂಬ ಪುಸ್ತಕದ ಮಾತನ್ನು ನಮ್ಮಲ್ಲಿ ಹಾಗೇ ನಂಬಬೇಡಿ. ಅದು ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುವ ಯುರೋಪಿನ ಲೆಕ್ಕ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನಡುವಿನ ತಿಂಗಳುಗಳಲ್ಲಿ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಉತ್ತರದ ಕಿಟಕಿಗೂ ಓರೆ ಬಿಸಿಲು ತಾಗಬಹುದು. ಚಿತ್ರ ತೆಗೆಯುವ ಹೊತ್ತಿಗೇ ಹಿಂದಿನ ದಿನ ಹೋಗಿ ಕಿಟಕಿ ನೋಡಿಕೊಂಡು ಬನ್ನಿ. ಹೊರಗೆ ತೆಗೆಯುವುದಾದರೆ ನಡುಹಗಲು ಬೇಡವೇ ಬೇಡ. ನೆತ್ತಿಯ ಸೂರ್ಯ ಕಣ್ಣುಗುಳಿಗಳನ್ನು ಕಪ್ಪು ಮಾಡಿಬಿಡುತ್ತಾನೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರ್ ಕೊನೆಗೆ 5:50ರ ಸುಮಾರಿಗೆ, ಜೂನ್ ಕೊನೆಗೆ 6:50ರ ಸುಮಾರಿಗೆ ಆಗುತ್ತದೆ. ಅದಕ್ಕೆ ಮುಂಚಿನ ನಲವತ್ತು ನಿಮಿಷ ನಿಮ್ಮದು.

ಕಿಟಕಿಗೆ ಬಿಳಿ ಹತ್ತಿ ಬಟ್ಟೆ ಕಟ್ಟಿ. ಪಂಚೆ ಸಾಕು, ಬಣ್ಣದ ಅಂಚು ಚೌಕಟ್ಟಿನಾಚೆ ಮಡಚಿರಬೇಕು, ಇಲ್ಲದಿದ್ದರೆ ಕೆನ್ನೆಗೆ ಅಂಚಿನ ಬಣ್ಣ ತಾಗುತ್ತದೆ. ಬಟ್ಟೆಯಿಂದ ಒಂದು ಸ್ಟಾಪ್‌ಗಿಂತ ಹೆಚ್ಚು ಬೆಳಕು ಕಳೆಯುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ), ಬದಲಿಗೆ ಎರಡು ಲಾಭ. ನೆರಳಿನ ಅಂಚು ಮೆತ್ತಗಾಗುತ್ತದೆ. ಕಣ್ಣಿನೊಳಗೆ ಕಿಟಕಿಯ ಗ್ರಿಲ್ ಕಾಣುವುದು ತಪ್ಪುತ್ತದೆ. ನಮ್ಮ ಮನೆಗಳ ಕಿಟಕಿಗೆಲ್ಲ ಕಬ್ಬಿಣದ ಸರಳು ಇರುವುದರಿಂದ ಕಣ್ಣಿನ ಹೊಳಪಿನ ಚುಕ್ಕೆಯಲ್ಲಿ ಆ ಸರಳುಗಳು ಗೆರೆಗೆರೆಯಾಗಿ ಮೂಡುತ್ತವೆ, ದೊಡ್ಡದಾಗಿ ಮುದ್ರಿಸಿದಾಗಲೇ ಅದು ಗೊತ್ತಾಗುವುದು.

ವ್ಯಕ್ತಿಯನ್ನು ಕಿಟಕಿಯಿಂದ ಒಂದು ಮೀಟರ್ ದೂರ, ಕಿಟಕಿಗೆ ಪಕ್ಕವಾಗಿ ಕೂರಿಸಿ. ನೆರಳಿನ ಕಡೆಗೆ ಥರ್ಮೋಕೋಲ್ ಹಲಗೆ ನಿಲ್ಲಿಸಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ್ದು ಸಾಕು. ಒಂದು ಮಗ್ಗುಲಿಗೆ ಕಪ್ಪು ಕಾಗದ ಅಂಟಿಸಿಕೊಂಡರೆ ಎರಡೂ ಕೆಲಸಕ್ಕೆ ಬರುತ್ತದೆ: ಬಿಳಿ ಮಗ್ಗುಲು ನೆರಳನ್ನು ತಿಳಿಗೊಳಿಸುತ್ತದೆ, ಕಪ್ಪು ಮಗ್ಗುಲು ಗಾಢವಾಗಿಸುತ್ತದೆ. ಚಿಕ್ಕ ಬಿಳಿ ಕೋಣೆಗಳಲ್ಲಿ ಬೆಳಕು ಎಲ್ಲ ಗೋಡೆಗಳಿಗೂ ಬಡಿದು ಮುಖ ಚಪ್ಪಟೆಯಾಗುತ್ತದೆ, ಅಲ್ಲಿ ಕಪ್ಪು ಮಗ್ಗುಲೇ ಹೆಚ್ಚು ಉಪಯೋಗ.

ಜ್ಯಾಮ್ ರೂಮ್‌ಗಳು ಬಹುಪಾಲು ನೆಲಮಾಳಿಗೆಯಲ್ಲಿ ಇರುತ್ತವೆ, ಕಿಟಕಿ ಇರುವುದಿಲ್ಲ, ಗೋಡೆ ತುಂಬ ಕಪ್ಪು ಫೋಮ್. ಅಲ್ಲಿ ಒಂದೇ ಒಂದು ಫ್ಲಾಶ್, 90 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗಾಗಿಸುವ ಬಟ್ಟೆಯ ಪೆಟ್ಟಿಗೆ). ಮುಖದಿಂದ ಒಂದು ಮೀಟರ್ ದೂರ, ಕಣ್ಣಿನ ಮಟ್ಟಕ್ಕಿಂತ ಒಂದಡಿ ಮೇಲೆ, ಮೂಗಿನ ನೇರದಿಂದ 45 ಡಿಗ್ರಿ ಪಕ್ಕಕ್ಕೆ. ಲೈಟಿನಿಂದ ಮುಖ ಒಂದು ಮೀಟರ್, ಹಿಂದಿನ ಗೋಡೆ ಮೂರು ಮೀಟರ್ ಇದ್ದರೆ ಗೋಡೆಗೆ ಬೀಳುವ ಬೆಳಕು ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಮೂರು ಸ್ಟಾಪ್‌ಗಿಂತ ತುಸು ಜಾಸ್ತಿಯೇ ಇಳಿಕೆ. ಡ್ರಮ್ ಸ್ಟ್ಯಾಂಡು, ವೈರುಗಳ ಗೋಜಲು, ಗೋಡೆಗೆ ಅಂಟಿಸಿದ ಚೀಟಿ ಎಲ್ಲ ಕತ್ತಲೆಗೆ ಸರಿಯುತ್ತವೆ. ಬ್ಯಾಕ್‌ಡ್ರಾಪ್ (ಹಿನ್ನೆಲೆಯ ಪರದೆ) ಹೊತ್ತೊಯ್ಯುವ ಕೆಲಸ ತಪ್ಪಿತು. ಅದೇ ಗೋಡೆ ಕಾಣಬೇಕೆಂದರೆ ಲೈಟನ್ನು ಎರಡೂವರೆ ಮೀಟರ್‌ಗೆ ಹಿಂದಕ್ಕೆ ಸರಿಸಿ ಪವರ್ ಏರಿಸಿ.

ಸಮಸ್ಯೆ ಬರುವುದು ಬಟ್ಟೆಯಿಂದ. ಕಪ್ಪು ಟೀಶರ್ಟ್, ಕಪ್ಪು ಕೂದಲು, ಕಪ್ಪು ಗೋಡೆ ಸೇರಿದರೆ ಮುಖವೊಂದೇ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಹಿಂದಿನಿಂದ ಹೆಗಲಿಗೆ ತಾಗುವಂತೆ ಎರಡನೇ ಚಿಕ್ಕ ಫ್ಲಾಶ್ ಇಡಿ, ಮುಖ್ಯ ಲೈಟಿಗಿಂತ ಒಂದು ಸ್ಟಾಪ್ ಕಡಿಮೆ. ಅಥವಾ ಫೋಮ್ ಇಲ್ಲದ ಬೂದು ಗೋಡೆ ಹುಡುಕಿ. ಟೀಶರ್ಟ್ ಮೇಲೆ ಬೇರೆ ಬ್ಯಾಂಡಿನ ಲೋಗೋ ಇದ್ದರೆ ಪತ್ರಿಕೆಯ ಲೇಖನಕ್ಕೆ ಅಡ್ಡಿಯಿಲ್ಲ, ಆಲ್ಬಂ ಮುಖಪುಟಕ್ಕೆ ಬೇಡ. ಮಾರಾಟದ ಸರಕಿನ ಮೇಲೆ ಇನ್ನೊಬ್ಬರ ಗುರುತು ಬಂದರೆ ತಕರಾರು ಖಚಿತ. ವೇದಿಕೆಯ ಉಡುಪನ್ನೂ ತರಲು ಹೇಳಿ. ರಘು ದೀಕ್ಷಿತ್ ಅವರ ಬಣ್ಣದ ಲುಂಗಿ, ಕಾಲಿನ ಗೆಜ್ಜೆಯಂತೆ ಕೆಲವರ ಉಡುಪು ಅವರ ಸಂಗೀತದ ಭಾಗವೇ ಆಗಿರುತ್ತದೆ. ಮುಜುಗರಪಡುವವರಿಗೆ ಅಂಥ ಉಡುಪು ಧೈರ್ಯ ಕೊಡುತ್ತದೆ.

ಕ್ಯಾಮೆರಾದ ಲೆಕ್ಕ

ಎರಡು ಲೆನ್ಸ್ ಸಾಕು: ಫುಲ್ ಫ್ರೇಮ್‌ನಲ್ಲಿ (ದೊಡ್ಡ ಸೆನ್ಸರ್‌ನ ಕ್ಯಾಮೆರಾದಲ್ಲಿ) 85 ಮಿಮೀ ಮತ್ತು 35 ಮಿಮೀ. ಚಿಕ್ಕ ಸೆನ್ಸರ್‌ನ ಕ್ಯಾಮೆರಾ ಆದರೆ 56 ಮತ್ತು 23. ಎದೆಯಿಂದ ಮೇಲಿನ ಚಿತ್ರಕ್ಕೆ 85ರಲ್ಲಿ ಒಂದೂವರೆಯಿಂದ ಎರಡು ಮೀಟರ್ ದೂರ ನಿಲ್ಲಿ. ಆ ದೂರದಲ್ಲಿ ಮೂಗು ಉಬ್ಬುವುದಿಲ್ಲ, ಅವರಿಗೂ ನೀವು ಮೈಮೇಲೆ ಬಿದ್ದಂತೆ ಅನಿಸುವುದಿಲ್ಲ. 135 ಅಥವಾ 200 ಮಿಮೀ ಹಾಕಿ ದೂರದಿಂದ ತೆಗೆದರೆ ಸಂಕೋಚ ಕಡಿಮೆಯಾಗುತ್ತದೆ ಎಂದು ಕೆಲವರು ನಂಬುತ್ತಾರೆ. ನಿಜದಲ್ಲಿ ಆಗುವುದು ಉಲ್ಟಾ. ಅಷ್ಟು ದೂರದಿಂದ ಮಾತಾಡಲು ಗಟ್ಟಿ ದನಿ ಬೇಕು, ಗಟ್ಟಿ ದನಿ ಆಜ್ಞೆಯಾಗಿ ಕೇಳಿಸುತ್ತದೆ.

ಕಿಟಕಿ ಬೆಳಕಿಗೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 800, ಎಫ್/2.8 (ಲೆನ್ಸಿನ ತೆರಪು, ಅಂಕಿ ಚಿಕ್ಕದಾದಷ್ಟು ತೆರಪು ದೊಡ್ಡದು), ಶಟರ್ 1/250 ಸೆಕೆಂಡ್‌ನಿಂದ ಶುರು ಮಾಡಿ. ದುಬಾರಿ ಲೆನ್ಸ್ ಇದೆಯೆಂದು ಎಫ್/1.4ಕ್ಕೆ ತೆರೆಯಬೇಡಿ. 85 ಮಿಮೀನಲ್ಲಿ, ಒಂದೂವರೆ ಮೀಟರ್ ದೂರಕ್ಕೆ, ಎಫ್/1.4ರಲ್ಲಿ ಸ್ಪಷ್ಟವಾಗಿ ಬೀಳುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಮುಖ ತುಸು ತಿರುಗಿದರೂ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಎಫ್/2.8ರಲ್ಲಿ ಅದು ಸುಮಾರು ಐದು ಸೆಂಟಿಮೀಟರ್ ಆಗುತ್ತದೆ, ಎಫ್/4ರಲ್ಲಿ ಏಳು. ಚಡಪಡಿಸುವವರು ಮುಂದೆ ಹಿಂದೆ ತೂಗುತ್ತಲೇ ಇರುತ್ತಾರೆ, ಅದಕ್ಕೇ ಈ ಎಚ್ಚರ. ಫ್ಲಾಶ್ ಬಳಸುವಾಗ ಐಎಸ್‌ಒ 200, ಎಫ್/5.6, 1/160 ಒಳ್ಳೆಯ ಆರಂಭ. 1/160ರಲ್ಲಿ ಕೋಣೆಯ ಬಲ್ಬಿನ ಹಳದಿ ಚಿತ್ರಕ್ಕೆ ನುಸುಳುವುದಿಲ್ಲ.

ಫ್ಲಾಶ್ ಬೇಡ ಅಂದವರಿಗೆ ನಿರಂತರ ಬೆಳಕಿನ ಎಲ್‌ಇಡಿ ತಂದು ಅದೇ ಸಾಫ್ಟ್‌ಬಾಕ್ಸ್‌ಗೆ ಸೇರಿಸಿ: ಐಎಸ್‌ಒ 1600, ಎಫ್/2.8, 1/100. ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟ್‌ಗಳಲ್ಲಿ ಒಂದು ಅಪಾಯ ಇದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/100 ಅಥವಾ 1/50 ಇಟ್ಟರೆ ಪ್ರತಿ ಚಿತ್ರಕ್ಕೂ ಸಮ ಬೆಳಕು ಸಿಗುತ್ತದೆ. 1/250ಕ್ಕೆ ಏರಿಸಿದರೆ ಒಂದು ಚಿತ್ರ ಮಂಕು, ಇನ್ನೊಂದು ಹಳದಿ, ಮತ್ತೊಂದರಲ್ಲಿ ಅಡ್ಡಪಟ್ಟಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಈ ಪಟ್ಟಿಗಳು ಇನ್ನೂ ಹೆಚ್ಚು, ಫ್ಲಾಶ್ ಕೂಡ ಬಹುತೇಕ ಕ್ಯಾಮೆರಾಗಳಲ್ಲಿ ಅದರೊಂದಿಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ಸದ್ದಿಲ್ಲದ ಶಟರ್ ಅನ್ನು ಕಿಟಕಿ ಬೆಳಕಿಗೆ ಮಾತ್ರ ಇಟ್ಟುಕೊಳ್ಳಿ. ಅಲ್ಲೂ ಒಂದು ಮಾತು: ಡ್ರಮ್ಮರ್‌ಗಳು, ಬೇಸ್ ನುಡಿಸುವವರು ಶಟರ್ ಸದ್ದನ್ನು ತಾಳದಂತೆ ಹಿಡಿದು ಅದಕ್ಕೆ ತಕ್ಕಂತೆ ಮೈ ಸಡಿಲಿಸುವುದುಂಟು. ಯಾರಿಗೆ ಯಾವುದು ಎಂಬುದು ಮೊದಲ ಹತ್ತು ಫ್ರೇಮಿನಲ್ಲಿ ತಿಳಿಯುತ್ತದೆ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಅನ್ನು ಕಪ್ಪು ಬಟ್ಟೆ ದಾರಿ ತಪ್ಪಿಸುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಂಡರೆ ಅದು ಎಲ್ಲವನ್ನೂ ಬೂದು ಮಾಡಲು ಹೋಗಿ ಮುಖವನ್ನು ಸುಟ್ಟುಬಿಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಇಟ್ಟು ಮುಖದ ಬೆಳಕಿಗೆ ಅಳೆಯಿರಿ. ಆಟೋ ಬಿಡಲಾರೆ ಅನ್ನುವವರು ಒಂದು ಸ್ಟಾಪ್‌ನಷ್ಟು ತಗ್ಗಿಸಿಕೊಳ್ಳಿ.

ಅವರು ಬರುವ ಅರ್ಧ ಗಂಟೆ ಮುಂಚೆ ಅವರಷ್ಟೇ ಎತ್ತರದ ಒಬ್ಬರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಕಪ್ಪು ಬಟ್ಟೆ ಹಾಕಿಸಿ, ಎರಡು ಜಾಗದ ಏರ್ಪಾಡುಗಳಲ್ಲೂ ಪೂರ್ತಿ ಚಿತ್ರ ತೆಗೆದು ನೋಡಿ. ಗಮ್ ಟೇಪಿನಿಂದ ನೆಲದಲ್ಲಿ ಗುರುತು ಹಾಕಿ. ಗಾಯಕರು ಬಂದ ಮೇಲೆ ಲೈಟ್ ಸ್ಟ್ಯಾಂಡನ್ನು ಮುಟ್ಟುವ ಪ್ರಸಂಗವೇ ಬರಬಾರದು.

ಆ ಇಪ್ಪತ್ತು ನಿಮಿಷ

ಮೊದಲು ಕೋಣೆ ಖಾಲಿ ಮಾಡಿಸಿ. ನೀವು, ಒಬ್ಬ ಸಹಾಯಕ, ಅವರಿಗೆ ನೆಮ್ಮದಿ ಕೊಡುವ ಒಬ್ಬರು. ಮ್ಯಾನೇಜರ್ ಇರಲೇಬೇಕೆಂದರೆ ನಿಮ್ಮ ಹಿಂದೆ, ಗಾಯಕರ ಕಣ್ಣಿಗೆ ಬೀಳದ ಕಡೆ. ಮೊಬೈಲಿನಲ್ಲಿ ‘ಬಿಹೈಂಡ್ ದಿ ಸೀನ್ಸ್’ ವಿಡಿಯೋ ಮಾಡುವವರು ಯಾರೂ ಬೇಡ. ಒಂದು ಲೆನ್ಸ್ ತಡೆದುಕೊಳ್ಳಲಾರದವರಿಗೆ ಎರಡನೆಯದನ್ನು ಒಡ್ಡಬಾರದು.

ಅವರು ಬಂದಾಗ ಕ್ಯಾಮೆರಾ ಮೇಜಿನ ಮೇಲಿರಲಿ. ಏನು ಮಾಡುತ್ತೀರಿ, ಎಷ್ಟು ಹೊತ್ತು, ಎಷ್ಟು ಜಾಗ, ಇಷ್ಟನ್ನು ಸ್ಪಷ್ಟವಾಗಿ ಹೇಳಿ: ‘ಸರ್, ಇಲ್ಲಿ ಹತ್ತು ನಿಮಿಷ, ಆ ಗೋಡೆ ಹತ್ರ ಹತ್ತು ನಿಮಿಷ, ಆಮೇಲೆ ಮುಗೀತು. ಬೇಡ ಅನ್ಸಿದ್ರೆ ಮಧ್ಯದಲ್ಲೇ ಹೇಳಿ.’ ಹೇಳಿದ ಸಮಯಕ್ಕೆ ಮುಗಿಸಲೇಬೇಕು. ಮೊದಲ ಭೇಟಿಯಲ್ಲೇ ‘ಗುರು’, ‘ಮಗಾ’ ಎಂದು ಸಲುಗೆಗೆ ಇಳಿಯಬೇಡಿ. ಅವರೇ ಹಾಗೆ ಮಾತಾಡಿದರೆ ಸರಿ. ಗಾಯಕಿಯಾದರೂ ಗಾಯಕನಾದರೂ ಕೂದಲು, ಕಾಲರ್ ಸರಿಪಡಿಸಲು ಕೈ ಹಾಕುವ ಮುಂಚೆ ಕೇಳಿ, ಸಾಧ್ಯವಾದರೆ ಅವರಿಂದಲೇ ಮಾಡಿಸಿ.

ಮೊದಲ ಐದಾರು ನಿಮಿಷ ಗಿಟಾರ್ ಕೊಡಿ. ಆದರೆ ನುಡಿಸುವಂತೆ ನಟಿಸಲು ಹೇಳಬೇಡಿ, ನಿಜವಾಗಿ ನುಡಿಸಲಿ. ಸಂಗೀತ ಬಲ್ಲವರು ಗಿಟಾರಿನ ಕಾರ್ಡ್ (ಸ್ವರಗುಚ್ಛ) ಹಿಡಿದ ಬೆರಳು ನೋಡಿಯೇ ನಟನೆ ಹೌದೋ ಅಲ್ಲವೋ ಹೇಳುತ್ತಾರೆ. ಗಿಟಾರಿನ ವಾರ್ನಿಶ್ ಮೇಲೆ ಸಾಫ್ಟ್‌ಬಾಕ್ಸ್‌ನ ಬಿಳಿ ಚೌಕ ಮೂಡಿದರೆ ಗಿಟಾರಿನ ತಲೆಯನ್ನು ಎರಡು ಬೆರಳಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಲು ಹೇಳಿ, ಚೌಕ ಜಾರಿಹೋಗುತ್ತದೆ. ಪೋಲರೈಸರ್ ಫಿಲ್ಟರ್ ವಾರ್ನಿಶ್ ಹೊಳಪನ್ನು ತಕ್ಕ ಕೋನದಲ್ಲಿ ತಗ್ಗಿಸುತ್ತದೆ, ಲೋಹದ ಹೊಳಪಿಗೆ ಅದರಿಂದ ಉಪಯೋಗವಿಲ್ಲ.

ಆಮೇಲೆ ಗಿಟಾರ್ ಪಕ್ಕಕ್ಕೆ. ಕೈಗೆ ಏನೂ ಇಲ್ಲವಾದಾಗಲೇ ನಿಜವಾದ ಮುಜುಗರ ಶುರುವಾಗುವುದು, ಒಳ್ಳೆಯ ಚಿತ್ರವೂ ಇಲ್ಲೇ ಸಿಗುವುದು. ಕೈಗೆ ಜಾಗ ಮಾಡಿಕೊಡಿ: ಕುರ್ಚಿಯನ್ನು ಹಿಂದುಮುಂದಾಗಿ ಹಾಕಿ ಅದರ ಬೆನ್ನಿನ ಮೇಲೆ ಎರಡೂ ಮುಂಗೈ ಊರಲಿ, ಅಥವಾ ಗೋಡೆಗೆ ಹೆಗಲು ಕೊಟ್ಟು ನಿಲ್ಲಲಿ. ಭಾವನೆಯನ್ನು ಕೇಳಬೇಡಿ, ಕೆಲಸ ಕೊಡಿ. ‘ಸ್ವಲ್ಪ ನಗಿ’, ‘ಸೀರಿಯಸ್ ಆಗಿ’, ‘ಆಟಿಟ್ಯೂಡ್ ಕೊಡಿ’ ಎಂಬ ಮೂರೂ ಬೇಡ. ಬದಲಿಗೆ ‘ಹೊಸ ಹಾಡಿನ ಎರಡನೇ ಚರಣ ಮನಸ್ಸಲ್ಲೇ ಹೇಳ್ಕೊಳಿ’ ಅನ್ನಿ. ತುಟಿ ಅಲುಗದೆ ಕಣ್ಣಿನಲ್ಲಿ ಹಾಡು ಓಡುವುದು ಕಾಣುತ್ತದೆ. ಮುಖ ಬಿಗಿದಿದ್ದರೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಡಲು ಹೇಳಿ, ಉಸಿರು ಪೂರ್ತಿ ಹೊರಹೋದ ಮೇಲೆ ಕಣ್ಣು ತೆರೆಯಲಿ. ತೆರೆದ ಮೊದಲ ಸೆಕೆಂಡಿನಲ್ಲಿ ದವಡೆ ಸಡಿಲವಾಗಿರುತ್ತದೆ, ಆಗ ಕ್ಲಿಕ್ಕಿಸಿ. ಇದು ಎರಡು ಮೂರು ಸಲವಷ್ಟೇ ಕೆಲಸ ಮಾಡುತ್ತದೆ, ಆಮೇಲೆ ಅದೇ ಒಂದು ನಟನೆಯಾಗಿಬಿಡುತ್ತದೆ.

ಬರ್ಸ್ಟ್ ಮೋಡ್ (ಒಂದೇ ಒತ್ತಿಗೆ ಸಾಲಾಗಿ ಹಲವು ಚಿತ್ರ) ಬಂದ್ ಮಾಡಿ. ಸಿಡಿಮದ್ದಿನಂತೆ ಸದ್ದು ಬಂದಾಗ ಎಂಥವರೂ ಗಟ್ಟಿಯಾಗಿ ಕೂತುಬಿಡುತ್ತಾರೆ. ಇಪ್ಪತ್ತು ನಿಮಿಷಕ್ಕೆ 120ರಿಂದ 150 ಫ್ರೇಮ್ ಧಾರಾಳ. ನೀವು ಮೌನವಾದರೆ ಅವರು ‘ಏನೋ ಸರಿ ಬರ್ತಿಲ್ಲ’ ಎಂದುಕೊಳ್ಳುತ್ತಾರೆ, ಹಾಗಾಗಿ ಸ್ಕ್ರೀನ್ ನೋಡುತ್ತ ಹುಬ್ಬು ಗಂಟಿಕ್ಕಬೇಡಿ. ಎಂಟನೇ ನಿಮಿಷದ ಹೊತ್ತಿಗೆ ಒಂದು ಒಳ್ಳೆಯ ಚಿತ್ರ ಸಿಕ್ಕಿದ್ದರೆ ಅದೊಂದನ್ನೇ ತೋರಿಸಿ. ತಮ್ಮ ಮುಖ ಹಿಡಿಸದವರಿಗೆ ಮಾತ್ರ ತೋರಿಸಬೇಡಿ. ನಾವೆಲ್ಲ ನಮ್ಮ ಮುಖವನ್ನು ಕನ್ನಡಿಯಲ್ಲಿ ಎಡಬಲ ತಿರುಗಿದ ರೂಪದಲ್ಲೇ ನೋಡಿ ರೂಢಿಯಾದವರು, ಫೋಟೊದ ಮುಖ ಅದಕ್ಕೇ ಸೊಟ್ಟ ಅನಿಸುವುದು. ಅವರಿಗೆ ತೋರಿಸಲೇಬೇಕಾಗಿ ಬಂದರೆ ಒಂದನ್ನು ಹಾಗೆ ತಿರುಗಿಸಿ ಇಡಬಹುದು. ತಿರುಗಿಸಿದ್ದನ್ನು ಪ್ರಕಟಣೆಗೆ ಕೊಟ್ಟರೆ ಮಾತ್ರ ಬಲಗೈ ಗಿಟಾರಿಸ್ಟ್ ಎಡಗೈಯವರಾಗಿಬಿಡುತ್ತಾರೆ, ಟೀಶರ್ಟ್ ಅಕ್ಷರಗಳೂ ಉಲ್ಟಾ.

ಮುಗೀತು ಎಂದು ಹೇಳಿ, ಅವರು ಮೈ ಸಡಿಲಿಸಿದಾಗ ಕದ್ದು ತೆಗೆಯುವ ತಂತ್ರವನ್ನು ಬಹಳ ಜನ ಕಲಿಸುತ್ತಾರೆ. ನಮ್ಮ ಮಟ್ಟಿಗೆ ಅದು ಮೋಸ. ನಂಬಿ ಸಡಿಲಗೊಂಡ ಮುಖವನ್ನು ಒಪ್ಪಿಗೆಯಿಲ್ಲದೆ ತೆಗೆಯಬಾರದು, ಅಂಥವರು ಎರಡನೇ ಸಲ ಯಾರ ಕ್ಯಾಮೆರಾಗೂ ಸಿಗುವುದಿಲ್ಲ. ಮೊದಲೇ ‘ನೀವು ಹೊರಡೋವರೆಗೂ ಕ್ಯಾಮೆರಾ ನನ್ನ ಕೈಯಲ್ಲಿರುತ್ತೆ, ಪರವಾಗಿಲ್ವಾ?’ ಎಂದು ಕೇಳಿ. ಹೂಂ ಅಂದರೆ ಜಾಕೆಟ್ ಹಾಕಿಕೊಳ್ಳುವ, ಗಿಟಾರ್ ಚೀಲಕ್ಕೆ ತುಂಬುವ ಆ ಕೊನೆಯ ಎರಡು ನಿಮಿಷ ಬೇಕಾದಷ್ಟು ಕೊಡುತ್ತದೆ.

ಕಪ್ಪು ಕನ್ನಡಕ, ಕೂದಲು, ಬೆನ್ನು

ಕನ್ನಡಕ ತೆಗೆಯುವುದಿಲ್ಲ ಅಂದರೆ ಬಿಟ್ಟುಬಿಡಿ. 1993ರಲ್ಲಿ ನ್ಯೂಯಾರ್ಕ್‌ನಲ್ಲಿ ಜೆಸ್ಸಿ ಫ್ರೋಮನ್ ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಅವರ ಚಿತ್ರ ತೆಗೆಯಬೇಕಿತ್ತು. ಕೊಬೇನ್ ಗಂಟೆಗಟ್ಟಲೆ ತಡವಾಗಿ ಬಂದರು. ಹೊರಗೆ ತೆಗೆಯುವ ಯೋಜನೆ ಕೈಬಿಟ್ಟು ಹೋಟೆಲಿನೊಳಗೇ ತೆಗೆಯಬೇಕಾಯಿತು. ಬಿಳಿ ಚೌಕಟ್ಟಿನ ಕಪ್ಪು ಕನ್ನಡಕ ಮುಖದ ಮೇಲೇ ಉಳಿಯಿತು. ಇವತ್ತು ಕೊಬೇನ್ ಎಂದರೆ ನೆನಪಾಗುವ ಚಿತ್ರಗಳಲ್ಲಿ ಆ ಕನ್ನಡಕದ ಚಿತ್ರಗಳೂ ಸೇರಿವೆ. ಅಂದು ಕಣ್ಣೇ ಬೇಕೆಂದು ಹಟ ಹಿಡಿದಿದ್ದರೆ ಅವು ಇರುತ್ತಿರಲಿಲ್ಲ.

ಕನ್ನಡಕದ ಗಾಜಿನಲ್ಲಿ ಸಾಫ್ಟ್‌ಬಾಕ್ಸ್ ಕಂಡರೆ ಲೈಟನ್ನು ಇನ್ನೊಂದಡಿ ಮೇಲೇರಿಸಿ, ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಸೆಂಟಿಮೀಟರ್ ಮೇಲೆತ್ತಿಸಿ, ಗಾಜು ಕೆಳಮುಖವಾಗಿ ಪ್ರತಿಬಿಂಬ ನೆಲಕ್ಕೆ ಜಾರುತ್ತದೆ. ಅಥವಾ ಪ್ರತಿಬಿಂಬವನ್ನೇ ಬಳಸಿ: ಕಿಟಕಿ, ಆಂಪ್ಲಿಫೈಯರ್‌ಗಳ ಸಾಲು, ಖಾಲಿ ಸಭಾಂಗಣ ಗಾಜಿನಲ್ಲಿ ಮೂಡುವಂತೆ ಕೂರಿಸಿ. ಆಗ ನಿಮ್ಮದೇ ಬಿಂಬ ಅದರಲ್ಲಿ ಕಾಣದಂತೆ ಕಪ್ಪು ಬಟ್ಟೆ ತೊಟ್ಟು ಬನ್ನಿ.

ಮುಖದ ಮೇಲೆ ಕೂದಲು ಇಳಿಬಿಟ್ಟವರಲ್ಲಿ ಆಟೋಫೋಕಸ್ ಕಣ್ಣಿನ ಬದಲು ಮುಂದಿನ ಕೂದಲೆಳೆಗೆ ಕಚ್ಚಿಕೊಳ್ಳುತ್ತದೆ. ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಮನೆಗೆ ಬಂದ ಮೇಲೆ ಎದೆ ಧಸಕ್ ಅನ್ನುತ್ತದೆ. ಕಣ್ಣು ಗುರುತಿಸುವ ಫೋಕಸ್ ಬಿಟ್ಟು ಒಂದೇ ಚಿಕ್ಕ ಬಿಂದು ಆರಿಸಿ ಕಣ್ಣಿನ ಒಳಮೂಲೆಗೆ ಇಡಿ, ಎಫ್/4ಕ್ಕೆ ಮುಚ್ಚಿ, ಐದಾರು ಫ್ರೇಮಿಗೊಮ್ಮೆ ದೊಡ್ಡದು ಮಾಡಿ ನೋಡಿ.

ಮುಖವೇ ಬೇಡ ಅನ್ನುವವರ ಪೋರ್ಟ್ರೇಟ್ ಕೂಡ ಸಾಧ್ಯ. 1979ರಲ್ಲಿ ಆಂಟನ್ ಕೋರ್ಬೈನ್ ಲಂಡನ್ನಿನ ಲ್ಯಾಂಕಾಸ್ಟರ್ ಗೇಟ್ ಮೆಟ್ರೋ ನಿಲ್ದಾಣದಲ್ಲಿ ಜಾಯ್ ಡಿವಿಷನ್ ಬ್ಯಾಂಡಿನವರನ್ನು ತೆಗೆದ ಚಿತ್ರದಲ್ಲಿ ಎಲ್ಲರೂ ಬೆನ್ನು ಹಾಕಿ ನಡೆಯುತ್ತಿದ್ದಾರೆ, ಗಾಯಕ ಇಯಾನ್ ಕರ್ಟಿಸ್ ಒಬ್ಬರೇ ಹೊರಳಿ ನೋಡುತ್ತಿದ್ದಾರೆ. 35 ಮಿಮೀ ಹಾಕಿ ಮೂರು ಮೀಟರ್ ಹಿಂದೆ ನಡೆಯಿರಿ, ಹೆಸರು ಕರೆಯಿರಿ. ಹೊರಳುವ ಮುಖಕ್ಕೆ ಸಿದ್ಧವಾಗಲು ಸಮಯವಿರುವುದಿಲ್ಲ. ಒಂದೇ ಸಲಕ್ಕೆ ಸಿಗದು, ಆದರೆ ನಡೆಯಲು ಹೇಳಿದರೆ ಬೇಡ ಅನ್ನುವವರು ಕಡಿಮೆ.

ಮಸುಕಾದ ಫ್ರೇಮನ್ನು ಆತುರದಲ್ಲಿ ಅಳಿಸಬೇಡಿ. 1966ರಲ್ಲಿ ನ್ಯೂಯಾರ್ಕ್‌ನ ಚಳಿಯಲ್ಲಿ ನಡುಗುತ್ತ ಜೆರ್ರಿ ಶಾಟ್ಜ್‌ಬರ್ಗ್ ತೆಗೆದ ಬಾಬ್ ಡಿಲನ್ ಚಿತ್ರ ಮಸುಕಾಗಿತ್ತು, ‘ಬ್ಲಾಂಡ್ ಆನ್ ಬ್ಲಾಂಡ್’ ಆಲ್ಬಂನ ಮುಖಪುಟಕ್ಕೆ ಅದೇ ಹೋಯಿತು.

ಕೈಕೊಡುವ ಕಡೆಗಳು

ಜ್ಯಾಮ್ ರೂಮಿನ ಕೆಂಪು ಎಲ್‌ಇಡಿ ಪಟ್ಟಿ ಕಣ್ಣಿಗೆ ಚೆಂದ, ಚಿತ್ರಕ್ಕೆ ವಿಷ. ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಒಂದೇ ತುಂಬಿ ಹರಿದು ಮುಖದ ಚರ್ಮದ ವಿವರವೆಲ್ಲ ಅಳಿಸಿಹೋಗುತ್ತದೆ. ಒಟ್ಟು ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಕೆಂಪು ಚಾನೆಲ್ಲಿನ ಹಿಸ್ಟೋಗ್ರಾಮ್ ಬೇರೆಯಾಗಿ ನೋಡಿ ಒಂದು ಸ್ಟಾಪ್ ತಗ್ಗಿಸಿ, ಇಲ್ಲವೇ ಆ ಪಟ್ಟಿ ಆರಿಸಿಬಿಡಿ. ಈಗಾಗಲೇ ಕೆಟ್ಟಿದ್ದರೆ ಕಪ್ಪುಬಿಳುಪಿಗೆ ತಿರುಗಿಸಿ ಹಸಿರು ಚಾನೆಲ್ಲಿನ ಅಂಶ ಹೆಚ್ಚಿಸಿದರೆ ಒಂದಿಷ್ಟು ಉಳಿಯುತ್ತದೆ.

ಮಳೆಗಾಲದಲ್ಲಿ ಎಸಿ ಕೋಣೆಯಿಂದ ಮಹಡಿಗೆ ಬಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಹೊರಗಿನ ಚಿತ್ರ ಮೊದಲು ಮುಗಿಸಿ, ಅಥವಾ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ ಹೊರಗಿನ ಗಾಳಿಗೆ ಅರ್ಧ ಗಂಟೆ ಬಿಡಿ. ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ಹಿಡಿದು ಬ್ಯಾಟರಿಯಿಂದ ನಡೆಯುವ ಫ್ಲಾಶ್ ಒಯ್ಯಿರಿ. ಕ್ಯಾಮೆರಾದಿಂದ ಫ್ಲಾಶ್ ಹೊಡೆಸುವ ಟ್ರಿಗರ್‌ಗೆ ಹೊಸ ಸೆಲ್ ಹಾಕಿ, ಸಾಲದ್ದಕ್ಕೆ ಇನ್ನೊಂದು ಜೊತೆ ಜೇಬಿನಲ್ಲಿರಲಿ. ಎರಡು ಮೆಮೊರಿ ಕಾರ್ಡಿನ ಕ್ಯಾಮೆರಾ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಡಿ. ‘ಇನ್ನೊಂದ್ಸಲ ತೆಗೀಬೇಕು’ ಎಂಬ ಮಾತನ್ನು ಇಂಥವರ ಬಳಿ ಆಡಲು ಆಗುವುದಿಲ್ಲ.

ಆಯ್ಕೆ, ತಿದ್ದುಪಡಿ, ಹಕ್ಕು

ಅದೇ ರಾತ್ರಿ ಆರಿಸಬೇಡಿ. ಕೋಣೆಯಲ್ಲಿ ಪಟ್ಟ ಪಾಡಿನ ನೆನಪು ಹಸಿಯಾಗಿರುವಾಗ ಕಷ್ಟಪಟ್ಟು ಸಿಕ್ಕ ಚಿತ್ರವೇ ಒಳ್ಳೆಯದು ಅನಿಸುತ್ತದೆ. ಎರಡು ದಿನ ಬಿಟ್ಟು 20ಕ್ಕೆ ಇಳಿಸಿ, ಆಮೇಲೆ ಐದಾರಕ್ಕೆ. ಅವನ್ನು ಗಾಯಕರಿಗೆ ಕಳಿಸಿ, ಬೇಡವಾದ್ದನ್ನು ಹೊಡೆದುಹಾಕುವ ಅಧಿಕಾರ ಕೊಡಿ. ಈ ಅಧಿಕಾರ ಇದೆ ಎಂದು ಮೊದಲೇ ಗೊತ್ತಿದ್ದರೆ ಕ್ಯಾಮೆರಾ ಮುಂದೆ ಅವರ ಬಿಗಿತ ಅರ್ಧ ಕಡಿಮೆಯಾಗಿರುತ್ತದೆ. ನೂರೈವತ್ತನ್ನೂ ಕಳಿಸಿದರೆ ಮಾತ್ರ ಗೊಂದಲ, ಕೊನೆಗೆ ಮ್ಯಾನೇಜರ್ ಆರಿಸಿದ ನಗುಮುಖ ಗೆಲ್ಲುತ್ತದೆ.

ಮೊಡವೆ ತೆಗೆಯಿರಿ, ಮುಂದಿನ ತಿಂಗಳು ಅದು ಹೇಗೂ ಇರುವುದಿಲ್ಲ. ಗಾಯದ ಗುರುತು, ಕಣ್ಣಂಚಿನ ಗೆರೆ, ಬೆರಳ ತುದಿಯ ಜಡ್ಡು ಉಳಿಯಲಿ. ಚರ್ಮದ ಬಣ್ಣ ತಿಳಿಗೊಳಿಸುವ ಚಾಳಿ ನಮ್ಮ ಸ್ಟುಡಿಯೋಗಳಲ್ಲಿ ಇನ್ನೂ ಹೋಗಿಲ್ಲ, ಅದನ್ನು ಖಂಡಿತ ಮಾಡಬೇಡಿ. ಕಪ್ಪು ಮೈಬಣ್ಣಕ್ಕೆ ಬೇಕಿರುವುದು ಕೆನ್ನೆಮೂಳೆಯ ಮೇಲೆ ಹೊಳಪು ಹುಟ್ಟಿಸುವ ಅಗಲವಾದ ಪಕ್ಕದ ಬೆಳಕು, ತೆಗೆಯುವಾಗಲೇ. ಕಪ್ಪುಬಿಳುಪು ಮಾಡಿದ ಮಾತ್ರಕ್ಕೆ ರಾಕ್ ಆಗುವುದಿಲ್ಲ, ಬಣ್ಣ ಗಮನ ಸೆಳೆದು ಕಣ್ಣನ್ನು ಮರೆಸುತ್ತಿದ್ದರೆ ಮಾತ್ರ ಮಾಡಿ.

ಪತ್ರಿಕೆಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 20 ಸೆಂಟಿಮೀಟರ್ ಅಗಲಕ್ಕೆ ಸುಮಾರು 2362 ಪಿಕ್ಸೆಲ್ ಬೇಕು. ಜಾಲತಾಣಕ್ಕೆ ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣಮಾನ) ಜೆಪೆಗ್, ಮೊಬೈಲಿನ ಉದ್ದ ಚಿತ್ರಕ್ಕೆ 1080×1350. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಗಾತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಲಿಂಕ್ ಆಗಿ ಕಳಿಸಿ.

ಹಕ್ಕಿನ ವಿಷಯವನ್ನು ಮಾತಿನಲ್ಲಿ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಫೋಟೊದ ಮೊದಲ ಒಡೆಯ ಸಾಮಾನ್ಯವಾಗಿ ತೆಗೆದವರೇ. ಆದರೆ ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಒಡೆತನ ತೆಗೆಸಿದವರದಾಗುತ್ತದೆ. ಬಹಳಷ್ಟು ಫೋಟೊಗ್ರಾಫರ್‌ಗಳಿಗೆ ಇದು ತಿಳಿಯುವುದು ತಮ್ಮದೇ ಚಿತ್ರ ಟೀಶರ್ಟ್ ಮೇಲೆ ಅಚ್ಚಾಗಿ ಮಾರಾಟವಾದ ಮೇಲೆ. ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ 60 ವರ್ಷ ಈ ಹಕ್ಕು ಇರುತ್ತದೆ, ಸಣ್ಣ ಅವಧಿಯಲ್ಲ. ಒಂದು ಪುಟದ ಕಾಗದ ಸಾಕು: ಒಡೆತನ ಯಾರದು, ಯಾವ ಬಳಕೆಗೆ ಎಷ್ಟು ಕಾಲ, ಟೀಶರ್ಟ್ ಮತ್ತು ಪೋಸ್ಟರ್ ಮಾರಾಟ ಸೇರಿದೆಯೇ, ಹೆಸರು ಹೇಗೆ ಅಚ್ಚಾಗಬೇಕು, ಗಾಯಕರು ಹೊಡೆದುಹಾಕಿದ ಫ್ರೇಮ್‌ಗಳ ಗತಿ ಏನು. ಎರಡು ಪ್ರತಿ ತೆಗೆಸಿ, ಚಿತ್ರೀಕರಣಕ್ಕೆ ಮುಂಚೆಯೇ ಇಬ್ಬರ ಸಹಿಯೂ ಬೀಳಲಿ. ಹೊಡೆದುಹಾಕಿದ್ದನ್ನು ಕಾರ್ಡ್, ಲ್ಯಾಪ್‌ಟಾಪ್, ಬ್ಯಾಕಪ್ ಹಾರ್ಡ್‌ಡಿಸ್ಕ್, ಕ್ಲೌಡ್ ನಾಲ್ಕೂ ಕಡೆಯಿಂದ ಅಳಿಸಿ, ಅಳಿಸಿದ್ದೇವೆ ಎಂದು ಅವರಿಗೆ ಒಂದು ಸಾಲು ಬರೆದು ತಿಳಿಸಿ.